ರೊಟ್ಟಿ ಬಡಿಯಲು ಇನ್ನೊಂದು ಕೈ

ಕೆಲವರನ್ನು ಬೀದಿನಾಯಿಗಳು ಬೆನ್ನುಹತ್ತುತ್ತವೆ. ನನ್ನನ್ನು ಅವ್ಯವಸ್ಥೆ ಬೆನ್ನುಹತ್ತುತ್ತದೆ. ನಾನು ಓಡುವವನಲ್ಲ. ನಿಂತು, ಕನ್ನಡಕ ಹಾಕಿಕೊಂಡು, ಅದನ್ನು ತಿದ್ದಲು ಹೋಗುತ್ತೇನೆ. ಆಮೇಲೆ ಪ್ರತಿ ಸಲವೂ ಹೀಗೇ ಆಗುತ್ತದೆ.

ನಾನು ಓದಿದ್ದು ರಿಚರ್ಡ್ಸ್ ಟೌನಿನ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ. ಅಲ್ಲಿ ಊಟದ ಡಬ್ಬಿ ತೆರೆಯುವುದಕ್ಕೂ ಒಂದು ಗಂಟೆ, ಮುಚ್ಚುವುದಕ್ಕೂ ಒಂದು ಗಂಟೆ ಹೊಡೆಯುತ್ತಿತ್ತು. ಆಮೇಲೆ ಮೂವತ್ತು ವರ್ಷ ಕಾರ್ಖಾನೆಯ ಇನ್ಸ್‌ಪೆಕ್ಷನ್ ವಿಭಾಗ. ನಿವೃತ್ತನಾಗಿ ಜೀವನ್ ಬಿಮಾ ನಗರದ ಮನೆಯಲ್ಲಿ ಹೆಂಡತಿಯ ಕುಕ್ಕರಿನ ಸೀಟಿ ಎಣಿಸುತ್ತಾ ಕೂತಿದ್ದಾಗ ಅವಳ ತಮ್ಮ ಬಂದ. ದೊಮ್ಮಲೂರಿನಲ್ಲಿ ಅವನದೊಂದು ಜೋಳದ ರೊಟ್ಟಿ ಖಾನಾವಳಿ. ಮಧ್ಯಾಹ್ನ ಒಂದಾದರೆ ಹುಬ್ಬಳ್ಳಿ, ದಾವಣಗೆರೆ ಕಡೆಯ ಆಫೀಸಿನ ಮಂದಿ ಬಾಗಿಲಾಚೆವರೆಗೂ ನಿಂತಿರುತ್ತಾರೆ. ಒಳಗೆ ರೊಟ್ಟಿ ಬಡಿಯಲು ಬಾಗಲಕೋಟೆಯ ಅಕ್ಕಾರು ಒಬ್ಬರೇ.

"ಭಾವ, ಕೈನೋವು, ಊರಿಗೆ ಹೋಗ್ತೀನಿ ಅಂತಿದಾರೆ ಅಕ್ಕಾರು. ಅವರು ಹೋದ್ರೆ ಖಾನಾವಳಿ ಮುಚ್ಚಬೇಕು. ಇನ್ನೊಬ್ರನ್ನ ಇಟ್ಕೊಂಡು ಗಿಟ್ಟದೇ ಹೋದ್ರೂ ಮುಚ್ಚಬೇಕು. ನೀವೇ ಬಂದು ನೋಡಿ ಹೇಳಿ."

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ, "ಕರ್ಕೊಂಡು ಹೋಗಪ್ಪಾ" ಎಂದಳು. ನನ್ನ ಯಾವ ಯೋಜನೆಗೂ ಆ ಮನೆಯಲ್ಲಿ ಅಷ್ಟು ಬೇಗ ಒಪ್ಪಿಗೆ ಸಿಕ್ಕಿರಲಿಲ್ಲ.

ದುಃಖದ ಹಾಡು

ಮೊದಲ ದಿನ ಸ್ಟಾಪ್‌ವಾಚ್ ಹಿಡಿದು ಅಡುಗೆಮನೆಗೆ ಹೋದೆ. ಅಕ್ಕಾರು ಹಿಟ್ಟಿನ ಕೈಯಲ್ಲೇ ಅದನ್ನು ತೋರಿಸಿ ಕೇಳಿದರು: "ಏನ್ರೀ ಸಾಹೇಬ್ರ ಅದು?"

"ಒಂದು ರೊಟ್ಟಿಗೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ನೋಡಬೇಕು."

"ಅದಕ್ಕ ಗಡಿಯಾರ ಯಾಕ್ರೀ? ಒಂದು ರೊಟ್ಟಿಗೆ ಎರಡು ನುಡಿ ಹಾಡು."

ನಿಜವೇ. ಅಕ್ಕಾರು ಹಾಡುತ್ತಾ ಬಡಿಯುತ್ತಾರೆ. ಕೈ ಹಾಡಿನ ಜೊತೆಗೇ ಓಡುತ್ತದೆ. ಮೂರು ದಿನ ಅಳೆದು ಬರೆದುಕೊಂಡೆ. ಬೀಸುವ ಹಾಡಿಗೆ ರೊಟ್ಟಿ ಬೇಗ. ತವರು ನೆನೆಸಿಕೊಳ್ಳುವ ಹಾಡಿಗೆ ಒಂದೂವರೆ ಪಟ್ಟು ಹೊತ್ತು. ನಡುವೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರಂತೂ ರೊಟ್ಟಿ ಒಂದು ಬದಿ ಸೀಯುತ್ತಿತ್ತು. ನಾನು ಲಿಖಿತ ಸೂಚನೆ ಅಂಟಿಸಿದೆ: "ಊಟದ ವೇಳೆಯಲ್ಲಿ ದುಃಖದ ಹಾಡು ಹಾಡತಕ್ಕದ್ದಲ್ಲ."

ಮರುದಿನ ಅಕ್ಕಾರು ಭಾರಿ ಗೆಲುವಿನಿಂದ ಹೊಸ ಹಾಡೊಂದನ್ನು ಹಾಡಿದರು. ಪಾತ್ರೆ ತೊಳೆಯುವವರು ನಕ್ಕರು, ಬಡಿಸುವವರು ನಕ್ಕರು, ಬಾಮೈದ ಗಲ್ಲಾಪೆಟ್ಟಿಗೆಯ ಹಿಂದೆ ಬಗ್ಗಿ ಕೂತ. ಹಾಡಿನಲ್ಲಿ ಕನ್ನಡಕದ ಒಬ್ಬ ಅಳಿಯ ಮಾವನ ಮನೆಯ ಕೋಳಿಗಳಿಗೆ, ಹೊತ್ತಿಗೆ ಸರಿಯಾಗಿ ಮೊಟ್ಟೆ ಇಡಿರೆಂದು ಪಾಠ ಹೇಳುತ್ತಿದ್ದ.

ರೊಟ್ಟಿ ಮಾತ್ರ ಹತ್ತು ಸೆಕೆಂಡು ಬೇಗ ಬಂತು. ಹಾಗೆಂದೇ ದಾಖಲಿಸಿದೆ.

ಪ್ರಶ್ನೆಪತ್ರಿಕೆ

ಅಳತೆ ನೋಡಿದರೆ ಇನ್ನೊಬ್ಬರು ಬೇಕೇ ಬೇಕಿತ್ತು. ಒಂದು ತಿಂಗಳು ಇಟ್ಟುಕೊಂಡು ನೋಡುವುದು, ಗಿಟ್ಟದಿದ್ದರೆ ಕಳಿಸುವುದು ಎಂದು ಬಾಮೈದನೊಂದಿಗೆ ಮಾತಾಯಿತು. ಆಯ್ಕೆಗಾಗಿ ಹತ್ತು ಅಂಕದ ಪ್ರಶ್ನೆಪತ್ರಿಕೆ ಸಿದ್ಧಪಡಿಸಿದೆ.

ಮೊದಲು ಬಂದವನು ಹಲಸೂರಿನ ತರುಣ. ತಲೆಯ ಮೇಲೆ ಉದ್ದನೆಯ ಬಿಳಿ ಟೋಪಿ.

"ರೊಟ್ಟಿ ಬರುತ್ತೇನಪ್ಪಾ?"

"ಸರ್, ಪಾಸ್ತಾ ಬರತ್ತೆ. ರೊಟ್ಟಿ ಮೊಬೈಲಲ್ಲಿ ನೋಡ್ಕೋತೀನಿ."

ಎರಡನೆಯವರು ಶಿವಾಜಿನಗರದ ಹಿರಿಯರು. ಮದುವೆ ಬಿರಿಯಾನಿಯಲ್ಲಿ ಪಳಗಿದ ಕೈ. ನಾಲ್ಕು ರೊಟ್ಟಿ ಮಾಡಿ ತೋರಿಸಿ ಎಂದು ಹೇಳಿ, ನಾನು ಈಚೆ ಬಂದು ಅಂಕಪಟ್ಟಿಗೆ ಗೆರೆ ಎಳೆಯುವಷ್ಟರಲ್ಲಿ ಇಡೀ ಒಂದು ಮೂಟೆ ಹಿಟ್ಟಿಗೆ ನೀರು ಸುರಿದಿದ್ದರು.

"ನಾಲ್ಕು ಅಂದೆನಲ್ಲ ಸಾಹೇಬರೇ!"

"ಕೇಳಿಸ್ತು ಸಾಬ್. ಆದ್ರೆ ಐನೂರು ಜನಕ್ಕಿಂತ ಕಮ್ಮಿ ಮಾಡೋಕೆ ಕೈ ಒಪ್ಪಲ್ಲ."

ಮೂರನೆಯವರು ಕೆ.ಆರ್. ಪುರದಿಂದ ಬಸ್ಸು ಹಿಡಿದು ಬಂದ, ವಿಜಯಪುರದ ಕಡೆಯ ಹೆಂಗಸು. ಅಕ್ಕಾರು ಅವರ ಅಂಗೈ ತಿರುಗಿಸಿ ನೋಡಿ, "ಇಕಿ ನಡೀತಾಳ್ರಿ" ಎಂದುಬಿಟ್ಟರು.

"ಅಂಗೈ ನೋಡಿ ನೇಮಕ ಮಾಡೋಕೆ ಇದೇನು ಜ್ಯೋತಿಷ್ಯವೇ? ಮೊದಲು ಪರೀಕ್ಷೆ" ಎಂದು ಪತ್ರಿಕೆ ಕೊಟ್ಟೆ.

ಆಕೆ ಅದನ್ನು ಎರಡೂ ಬದಿ ನೋಡಿದರು. ಅಷ್ಟರಲ್ಲಿ ಒಲೆಯ ಮೇಲಿನ ಹಂಚು ಹೊಗೆಯಾಡಿತು. ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ, ಅದರಿಂದಲೇ ಹಂಚು ಹಿಡಿದು ಕೆಳಗಿಳಿಸಿದರು.

ಹತ್ತಕ್ಕೆ ಹತ್ತು ಕೊಟ್ಟೆ. ಮೂವತ್ತು ವರ್ಷದಲ್ಲಿ ನಾನು ಬರೆದ ಕಾಗದವೊಂದು ಬಿಸಿಬಿಸಿಯಾಗಿರುವಾಗಲೇ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಬೇಗ ಬಂದರೆ ಕಷ್ಟ

ಇಬ್ಬರ ರೊಟ್ಟಿಯೂ ಒಂದೇ ದಪ್ಪ, ಒಂದೇ ಹದ ಇರಬೇಕಲ್ಲ? ಕಾರ್ಖಾನೆಯ ಕ್ರಮವನ್ನೇ ತಂದೆ. ಪ್ರತಿ ಇಪ್ಪತ್ತು ರೊಟ್ಟಿಗೆ ಒಂದು ಸ್ಯಾಂಪಲ್ ಕಿಟಕಿ ಪಕ್ಕದ ನನ್ನ ಮೇಜಿಗೆ ತಪಾಸಣೆಗೆ ಬರಬೇಕು. ಮುರಿದು, ಮೂಸಿ, ರುಚಿ ನೋಡಿ ಪಾಸು ಮಾಡುತ್ತಿದ್ದೆ. ಕೆಲಸ ಬಿಗಿಯಾಗಿ ನಡೆಯಿತು.

ಆದರೆ ವಾರ ಕಳೆಯುವಷ್ಟರಲ್ಲಿ ಹಿಟ್ಟು ಎರಡರಷ್ಟು ಖಾಲಿ, ಜನ ಮಾತ್ರ ಅಷ್ಟೇ. ಅಲ್ಲಿ ಊಟಕ್ಕೆ ಒಂದೇ ದರ, ರೊಟ್ಟಿ ಬೇಕಾದಷ್ಟು. ಒಬ್ಬ ಸಾಫ್ಟ್‌ವೇರ್ ಹುಡುಗನನ್ನು ವಿಚಾರಿಸಿದೆ.

"ಮೊದ್ಲು ಎರಡನೇ ರೊಟ್ಟಿ ಬರೋಷ್ಟ್ರಲ್ಲಿ ಮೀಟಿಂಗ್ ಶುರುವಾಗ್ತಿತ್ತು ಸರ್, ಎದ್ದು ಓಡ್ತಿದ್ವಿ. ಈಗ ಆರಾಮಾಗಿ ಏಳೆಂಟು ತಿಂತೀವಿ. ಸೂಪರ್ ಸರ್ವಿಸ್!"

ಬಾಮೈದ ತಲೆಯ ಮೇಲೆ ಕೈಹೊತ್ತ. "ಭಾವ, ಇಷ್ಟು ವರ್ಷ ನನ್ನ ಕಾಪಾಡಿದ್ದು ರೊಟ್ಟಿ ಅಲ್ಲ, ರೊಟ್ಟಿ ಬರದೇ ಇದ್ದದ್ದು!"

ನಾನು ನನ್ನ ಕೈಯಾರೆ ಬೋರ್ಡು ಬರೆದೆ: "ಊಟದೊಂದಿಗೆ ನಾಲ್ಕು ರೊಟ್ಟಿ. ಐದನೆಯದಕ್ಕೆ ಬೇರೆ ಹಣ. ಯಾರಿಗೂ ವಿನಾಯಿತಿ ಇಲ್ಲ."

ಅಕ್ಕಾರಿಗೆ ಸಿಟ್ಟು ಬಂತು. "ಇನ್ನೊಂದು ಹಾಕ್ಲ್ಯಾ ಅಂತ ಕೇಳದ ಊಟಕ್ಕ ಊಟ ಅಂತಾರೇನ್ರಿ, ಸಾಹೇಬ್ರ? ಸತ್ತ ಮನ್ಯಾಗೂ ಕೇಳ್ತಾರ!"

"ಕೇಳಿ, ಬೇಡ ಅನ್ನಲ್ಲ. ಹಾಕಿದ್ರೆ ಹಣ."

ಅಕ್ಕಾರು ಹಟಕ್ಕೆ ಬಿದ್ದು ಪ್ರತಿ ಮೇಜಿಗೂ ತಾವೇ ಹೋಗಿ, "ಇದೇನ್ ಊಟ ತಮ್ಮಾ, ಗುಬ್ಬಿ ತಿಂದಂಗ! ಇನ್ನೊಂದು ಹಾಕ್ಕೋ, ನಿಮ್ಮವ್ವ ನೋಡಿದ್ರ ಅಳ್ತಾಳ" ಎನ್ನತೊಡಗಿದರು. ಅವ್ವನ ಹೆಸರು ತೆಗೆದ ಮೇಲೆ ಬೇಡ ಅನ್ನುವವರು ಯಾರು? ಐದನೆಯದು, ಆರನೆಯದು ಹಣ ಕೊಟ್ಟೇ ತಿಂದರು. ಸಾಲು ಕರಗಿತು, ಹೊಸ ಜನ ಬಂದರು. ಇದಕ್ಕೆಲ್ಲ ಬೋರ್ಡೇ ಕಾರಣವೆಂದು ನಾನು ಬರೆದುಕೊಂಡೆ.

ಆ ದಿನಗಳಲ್ಲಿ ಹೆಂಡತಿ ನನ್ನ ಬೆಲ್ಟಿಗೆ ಹೊಸದಾಗಿ ಎರಡು ತೂತು ಹೊಡೆಸಿಕೊಂಡು ಬಂದಳು. ಈಗಿನ ಚರ್ಮವೇ ಕಳಪೆ, ಕುಗ್ಗುತ್ತದೆ ಎಂದು ಅವಳಿಗೆ ವಿವರಿಸಿದೆ.

ಕಾಣೆಯಾದ ಹನ್ನೆರಡು

ತಿಂಗಳು ಮುಗಿಯಲು ಎರಡು ದಿನವಿತ್ತು. ಎಲ್ಲ ಲೆಕ್ಕವೂ ಕೂಡಿಬಂತು, ಒಂದರ ಹೊರತು. ಬಡಿದ ರೊಟ್ಟಿಗೂ ಗಿರಾಕಿಗಳಿಗೆ ಬಡಿಸಿದ ರೊಟ್ಟಿಗೂ ದಿನಕ್ಕೆ ಹನ್ನೆರಡರ ವ್ಯತ್ಯಾಸ.

"ಹೊಸಬರು ಬಂದ ಮೇಲೇ ಶುರುವಾಗಿದ್ದು ಭಾವ" ಎಂದ ಬಾಮೈದ. "ಆಯಮ್ಮ ದಿನಾ ಚೀಲ ಹೆಗಲಿಗೆ ಹಾಕ್ಕೊಂಡು ಬಸ್ ಹತ್ತುತ್ತೆ. ಕಳಿಸಿಬಿಡೋಣ."

"ಸಾಕ್ಷಿ ಇಲ್ಲದೆ ಯಾರನ್ನೂ ಕಳಿಸಕೂಡದು."

ಚೀಲ ನೋಡಿದೆ: ಕೊಡೆ, ನೀರಿನ ಬಾಟಲಿ, ಬಾಚಣಿಗೆ. ಪಾತ್ರೆ ತೊಳೆಯುವವರನ್ನು ಕೇಳಿದೆ. ಹಿತ್ತಿಲ ಬೆಕ್ಕಿಗೆ ರೊಟ್ಟಿಯ ಚೂರು ಹಾಕಿ ಪರೀಕ್ಷಿಸಿದೆ. ಅದು ಮೂಸಿ, ನನ್ನನ್ನೊಮ್ಮೆ ನೋಡಿ, ಮುಂದೆ ಹೋಯಿತು. ಕಡೆಗೆ ಎಲ್ಲರನ್ನೂ ಅಡುಗೆಮನೆಯಲ್ಲಿ ನಿಲ್ಲಿಸಿದೆ. ಹೊಸಬರ ಮುಖ ಬಿಳಿಚಿಕೊಂಡಿತ್ತು. ಆ ಕೆಲಸ ನಂಬಿಕೊಂಡೇ ಅವರು ಮನೆ ಹಿಡಿದಿದ್ದರು.

ಗಂಟಲು ಸರಿಮಾಡಿಕೊಂಡು ಹೇಳಿದೆ: "ಆ ಹನ್ನೆರಡು ರೊಟ್ಟಿ ತಿನ್ನುತ್ತಿರುವವರು ಯಾರೇ ಆಗಿರಲಿ, ನೆಂಟರೇ ಆಗಿರಲಿ, ಇವತ್ತೇ ಈ ಅಡುಗೆಮನೆಯಿಂದ ಹೊರಗೆ. ಮುಲಾಜಿಲ್ಲ."

ಅಕ್ಕಾರು ಹಿಟ್ಟಿನ ಡಬ್ಬ ಪಕ್ಕಕ್ಕೆ ಸರಿಸಿದರು. ಹಿಂದಿನ ಗೋಡೆಯ ತುಂಬ ಇದ್ದಿಲಿನ ಗೀಟುಗಳು. ದಿನಕ್ಕೊಂದು ಸಾಲು, ಸಾಲಿಗೆ ಹನ್ನೆರಡು.

"ಇವು ಯಾರವು?"

"ಕಿಟಕಿ ಮೇಜಿನವು ರೀ."

ಎಲ್ಲರೂ ನನ್ನತ್ತ ತಿರುಗಿದರು. ಕಿಟಕಿ ಮೇಜು ನನ್ನದು.

"ಅದು ಸ್ಯಾಂಪಲ್!" ಎಂದೆ. "ತಪಾಸಣೆಗೆ ಬಂದದ್ದನ್ನು ಊಟದ ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. ಮೂವತ್ತು ವರ್ಷದ ನಿಯಮ ಅದು."

"ಹೌದ್ರಿ" ಎಂದರು ಅಕ್ಕಾರು, ತುಂಬ ಮರ್ಯಾದೆಯಿಂದ. "ಸ್ಯಾಂಪಲ್ಲಿಗೆ ಎಣ್ಣೆಗಾಯಿ ಯಾಕ ಬೇಕಾಗಿತ್ರೀ, ಸಾಹೇಬ್ರ? ಮ್ಯಾಲ ಬೆಣ್ಣಿ?"

ಕೊಟ್ಟ ಮಾತು ಮಾತೇ. ಸ್ಟಾಪ್‌ವಾಚು ಜೇಬಿಗೆ ಹಾಕಿ, ವರದಿಗೆ ಕೊನೆಯ ಸಾಲು ಸೇರಿಸಿ ಸಹಿ ಮಾಡಿದೆ: "ಹೊಸದಾಗಿ ಸೇರಿದವರನ್ನು ಕಾಯಂ ಮಾಡುವುದು. ತಪಾಸಕನನ್ನು ಇಂದಿನಿಂದಲೇ ತೆಗೆಯುವುದು." ಬಾಮೈದ ಓದಿ, ನಗಲೂ ಆಗದೆ ಸುಮ್ಮನಿರಲೂ ಆಗದೆ, "ಊಟ ಮಾಡ್ಕೊಂಡ್ ಹೋಗಿ ಭಾವ" ಎಂದ.

ಆ ದಿನ ಹೋಗಿಬಿಟ್ಟೆ. ಮರುದಿನ ಗಿರಾಕಿಯಾಗಿ, ಎಲ್ಲರ ಜೊತೆ ನಿಂತು, ಹಣ ಕೊಟ್ಟು ಕೂತೆ. ಹೊಸಬರೇ ಬಡಿಸಲು ಬಂದರು. ನಾಲ್ಕು ಮುಗಿಯಿತು. ಹದ ಪರೀಕ್ಷಿಸುವ ಸಲುವಾಗಿ ಮತ್ತೆ ಕೈ ಚಾಚಿದೆ.

ಆಕೆ ರೊಟ್ಟಿ ಹಿಡಿದಲ್ಲೇ ನಿಂತರು. ಗೋಡೆಯ ಬೋರ್ಡಿನತ್ತ ಒಮ್ಮೆ ನೋಡಿ, ಸಂಕೋಚದಿಂದ ಕೇಳಿದರು: "ನನಗ ಓದಾಕ ಬರಂಗಿಲ್ರೀ, ಸಾಹೇಬ್ರ. ಐದನೇದಕ್ಕ ಏನಂತ ಬರದಾರ, ಸ್ವಲ್ಪ ಜೋರಾಗಿ ಓದಿ ಹೇಳ್ರಿ."