ಗೋಡೆ ಬಂದಾಗಲೆಲ್ಲ ಕತ್ತಲು

"ಅಂಗಡಿಯವನು ಜೋಡಿಸಿದ ಕಂಪ್ಯೂಟರು ಈ ಮನೆ ಹೊಸ್ತಿಲು ದಾಟೋದಿಲ್ಲ. ನಾನೇ ಜೋಡಿಸ್ತೀನಿ," ಎಂದು ಡ್ರೈವಿಂಗ್ ಮೇಷ್ಟ್ರು ಊಟಕ್ಕೆ ಕೂತಲ್ಲೇ ಘೋಷಿಸಿದರು. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ಮಹಾನುಭಾವರು ಅವರು. ಎಡ ಬಲ ತಿಳಿಯದವರ ಪಕ್ಕದಲ್ಲಿ ಕೂತು, ಲಾರಿಗಳ ನಡುವೆ ನುಸುಳಿ, ದಿನಾ ಸಂಜೆ ಕೈಕಾಲು ನೆಟ್ಟಗಿಟ್ಟುಕೊಂಡು ಮನೆ ಸೇರುವವರು. ಅಂಥವರಿಗೆ ನಾಲ್ಕು ಸ್ಕ್ರೂ, ಎರಡು ಫ್ಯಾನು ಯಾವ ಲೆಕ್ಕ?

"ಹುಷಾರು ರೀ," ಎಂದಳು ಹೆಂಡತಿ. "ಬರೋ ವಾರ ವಿಡಿಯೋ ಕರೆಯಲ್ಲಿ ಹಾಸ್ಟೆಲ್ ಮೇಡಂಗೆ ಅವರ ಹೊಸ ಅಡುಗೆಮನೆ ನಕ್ಷೆ ತೋರಿಸ್ಬೇಕು. ನನ್ನ ಹೆಸರಲ್ಲಿ ಬರ್ತಿರೋ ಮೊದಲನೇ ಕೆಲಸ."

ಅದು ಸಣ್ಣ ಮಾತೇನೂ ಅಲ್ಲ. ಮರಗೆಲಸದ ಕಾರ್ಖಾನೆಯೊಂದರಲ್ಲಿ ವರ್ಷಗಟ್ಟಲೆ ಕೂತು ಅವಳು ಊರವರ ಅಡುಗೆಮನೆಗಳ ನಕ್ಷೆ ಬಿಡಿಸಿದ್ದಳು. ಬೆನ್ನುನೋವು ಅವಳದು, ಹೆಸರು ಕಾರ್ಖಾನೆಯ ಯಜಮಾನನದು. ಸಾಕಾಗಿ ಕೆಲಸ ಬಿಟ್ಟು ಸ್ವಂತಕ್ಕೆ ನಿಂತಾಗ ಸಿಕ್ಕಿದ್ದೇ ಈ ಹಾಸ್ಟೆಲ್. ಅದೇ ಕೆಲಸದ ಮೇಲೆ ಹಳೆಯ ಯಜಮಾನನೂ ಕಣ್ಣಿಟ್ಟಿದ್ದ. ವಿಡಿಯೋ ಕರೆಯಲ್ಲಿ ಸ್ವಲ್ಪ ಎಡವಿದರೆ ಸಾಕು, ಕೆಲಸ ಅವನ ಪಾಲು. ಇವಳ ಹಳೇ ಕಂಪ್ಯೂಟರೋ, ಆ ನಕ್ಷೆ ತೆರೆಯುವಷ್ಟರಲ್ಲಿ ಒಂದು ಊಟ ಮುಗಿಸಿ ಕೈ ತೊಳೆಯಬಹುದಿತ್ತು.

ಮೇಷ್ಟ್ರು ಜೋಡಿಸಿದರು. ಅದೂ ಎಂಥ ಜೋಡಣೆ! ಒಂದೊಂದು ಸ್ಕ್ರೂ ತಿರುಗಿಸಿದಾಗಲೂ ಹೆಂಡತಿಯನ್ನು ಕರೆದು ತೋರಿಸಿದರು. ಪೆಟ್ಟಿಗೆಯನ್ನು ಮೇಜಿನ ಕೆಳಗೆ ಅಡ್ಡ ಮಲಗಿಸಿ, ಗುಂಡಿಗಳ ಮುಖವನ್ನು ಕುರ್ಚಿಗಳ ಕಡೆಗೆ ತಿರುಗಿಸಿ, "ನೋಡು, ಬಗ್ಗಿದ್ರೆ ಕೈಗೆ ಸಿಗುತ್ತೆ," ಎಂದು ಬೆನ್ನು ತಟ್ಟಿಸಿಕೊಳ್ಳಲು ಕಾದರು. ಯಂತ್ರ ಒಂದೇ ಗುಂಡಿಗೆ ಎದ್ದು ಕೂತಿತು.

ಹೆಂಡತಿ ನಕ್ಷೆ ತೆರೆದಳು. ಹೊಸ ಅಡುಗೆಮನೆಯೊಳಗೆ ನಾವೇ ನಡೆದು ಹೋಗುತ್ತಿದ್ದೇವೆ ಎನ್ನುವಂತೆ ತೋರಿಸುವ ಚಿತ್ರ ಅದು. ಮೇಷ್ಟ್ರು ಪಕ್ಕದ ಕುರ್ಚಿಯಲ್ಲಿ ಕೂತರು. ಬಾಗಿಲು ತೆರೆಯಿತು, ಒಲೆಕಟ್ಟೆ ಬಂತು, ಪಾತ್ರೆ ತೊಳೆಯುವ ತೊಟ್ಟಿ ಪಕ್ಕಕ್ಕೆ ಸರಿಯಿತು, ಎದುರಿನ ಗೋಡೆ ಭರ್ರನೆ ನುಗ್ಗಿಬಂತು. ತೆರೆ ಕಪ್ಪಾಯಿತು. ಯಂತ್ರ ಮತ್ತೆ ಮೊದಲಿನಿಂದ ಏಳತೊಡಗಿತು.

"ಹೊಸದಲ್ವಾ, ಸ್ವಲ್ಪ ನಾಚಿಕೆ," ಎಂದು ಮೇಷ್ಟ್ರು ನಕ್ಕರು. ಎರಡನೆಯ ಸಲವೂ ಗೋಡೆ ಬಂತು, ಕತ್ತಲಾಯಿತು. ಮೂರನೆಯ ಸಲ ನಗು ಬರಲಿಲ್ಲ.

ಅಲ್ಲಿಂದ ಶುರುವಾಯಿತು ಮೇಷ್ಟ್ರ ವನವಾಸ. ಮೆಮೊರಿ ಪಟ್ಟಿಗಳನ್ನು ಕಿತ್ತು, ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದರು. ಬಿಸಿಯಾಗಿರಬೇಕೆಂದು ಪೆಟ್ಟಿಗೆಯ ಹೊಟ್ಟೆ ಬಗೆದು ಟೇಬಲ್ ಫ್ಯಾನ್ ಹಚ್ಚಿದರು. ಹಾಡು ಹಾಕಿದರೆ ಹಾಡಿತು, ಸಿನಿಮಾ ಹಾಕಿದರೆ ಕೊನೆತನಕ ಓಡಿತು. ಅಡುಗೆಮನೆಯ ಗೋಡೆ ಬಂತೋ, ಢಮಾರ್. ಚಿತ್ರ ಮೂಡಿಸುವ ಕಾರ್ಡೇ ಕಳ್ಳ ಎಂದು ತೀರ್ಮಾನಿಸಿ ಪೆಟ್ಟಿಗೆಯನ್ನು ಮಗುವಿನಂತೆ ಎತ್ತಿಕೊಂಡು ಅಂಗಡಿಗೆ ಓಡಿದರು. ಅಂಗಡಿಯವನು ಅದೇ ಅಡುಗೆಮನೆಯಲ್ಲಿ ಇಪ್ಪತ್ತು ಸಲ ಸುತ್ತಾಡಿದ. ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರಿಗೆ ಒಂದು ಸಲವೂ ಕತ್ತಲು ಕಾಣಲಿಲ್ಲ.

"ಯಂತ್ರ ಚೆನ್ನಾಗಿದೆ ಸರ್. ನೀವು ಸ್ವಲ್ಪ ರೆಸ್ಟ್ ತಗೊಳ್ಳಿ," ಎಂದ ಅವನು. ಮನೆಗೆ ತಂದು ಜೋಡಿಸಿ, ಕುರ್ಚಿಯಲ್ಲಿ ಕೂತು ನೋಡಿದರೆ ಗೋಡೆ, ಕತ್ತಲು.

ಮೇಷ್ಟ್ರಿಗೆ ನಿಜವಾದ ಭಯ ಕಂಪ್ಯೂಟರಿನದಲ್ಲ. ಹೆಂಡತಿ ಬೈದಿದ್ದರೆ ಅವರು ಎಷ್ಟೋ ನಿಶ್ಚಿಂತೆಯಾಗಿ ಇರುತ್ತಿದ್ದರು. ಅವಳು ಬೈಯುವವಳಲ್ಲ, ಮರ್ಯಾದೆ ಕೊಡುವವಳು. ಮೊದಲ ದಿನ 'ರೀ' ಇತ್ತು. ಮರುದಿನ 'ಮೇಷ್ಟ್ರೇ' ಆಯಿತು. ಕರೆಗೆ ಒಂದೇ ದಿನ ಉಳಿದಾಗ 'ತಾವು' ಬಂತು.

"ತಾವು ಊಟ ಮಾಡಿ," ಎಂದಳು. ಮೇಷ್ಟ್ರು ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟರು. ಇವಳ ಕೆಲಸ ಹೋದರೆ ಜೀವನಪೂರ್ತಿ ಈ ಮನೆಯಲ್ಲಿ ತಾವು 'ತಾವು' ಆಗಿಯೇ ಬದುಕಬೇಕಲ್ಲ ಎಂದು ನೆನೆದು ಬೆವರಿದರು.

"ಒಂದು ವಿಷಯ ಹೇಳ್ಲಾ?" ಎಂದಳು ಅವಳು. "ಬೆಳಿಗ್ಗೆಯಿಂದ ತಾವು ಮನೇಲಿರ್ಲಿಲ್ಲ. ಕಂಪ್ಯೂಟರು ಒಂದು ಸಲವೂ ಹೋಗ್ಲಿಲ್ಲ. ತಾವು ಬಂದು ಕೂತ್ರಿ, ಹೋಯ್ತು."

"ಅಂದ್ರೆ ನನ್ನ ಕಾಲ್ಗುಣಾನಾ?"

"ನಾನು ಹಾಗನ್ಲಿಲ್ಲ. ನಡೆದಿದ್ದು ಹೇಳ್ದೆ."

ಮೇಷ್ಟ್ರಿಗೆ ಹೊಸ ದಿಗಿಲು ಹತ್ತಿತು. ಮೈಯಲ್ಲಿ ಕರೆಂಟು ಸೇರಿಕೊಂಡಿರಬಹುದೇ? ಎಲ್ಲೋ ಓದಿದ ನೆನಪು. ರಬ್ಬರ್ ಚಪ್ಪಲಿ ಮೆಟ್ಟಿದರು. ಕರೆಂಟು ಇಳಿದುಹೋಗಲಿ ಎಂದು ಕಿಟಕಿಯ ಸರಳು ಹಿಡಿದು ಒಂದಷ್ಟು ಹೊತ್ತು ನಿಂತರು. ಎದುರು ಮನೆಯ ಹೆಂಗಸು ಅವರನ್ನು ನೋಡಿ ತನ್ನ ಕಿಟಕಿ ಮುಚ್ಚಿಕೊಂಡಳು. ಇಷ್ಟೆಲ್ಲ ಮಾಡಿ ಬಂದು ಕೂತರೂ ಗೋಡೆ ಬಂದಾಗ ಕತ್ತಲೇ.

ಹೆಂಡತಿ ಸೀರೆ ಎತ್ತಿ ಸಿಕ್ಕಿಸಿ, ಟಾರ್ಚ್ ಹಿಡಿದು ಮೇಜಿನ ಕೆಳಗೆ ತೂರಿದಳು. "ವೈರು ಎಲ್ಲಾದ್ರೂ ಸಡಿಲ ಇದೆಯಾ ನೋಡ್ತೀನಿ. ತಾವು ಓಡಿಸ್ತಾ ಇರಿ."

ಮೇಷ್ಟ್ರು ತೆರೆಯ ಮೇಲಿನ ಅಡುಗೆಮನೆ ಹೊಕ್ಕರು. ಒಲೆಕಟ್ಟೆ ಬಂತು, ತೊಟ್ಟಿ ಬಂತು, ಗೋಡೆ ಬಂತು. ತೆರೆ ಕಪ್ಪಾಯಿತು.

"ಸಿಕ್ತಾ?" ಎಂದರು ಮೇಷ್ಟ್ರು.

"ಇನ್ನೊಂದ್ಸಲ ಗೋಡೆಗೆ ಹೋಗಿ."

ಹೋದರು. ಮತ್ತೆ ಕತ್ತಲು.

"ಈ ಕಾಲು ಯಾರದು?"

"ಯಾವ ಕಾಲು?"

"ಗೋಡೆ ಬಂದ ತಕ್ಷಣ ಮುಂದಕ್ಕೆ ಹಾರಿ ಗುಂಡಿ ಒದೀತಲ್ಲ, ಈ ಕಾಲು."

ಮೇಷ್ಟ್ರು ಬಗ್ಗಿ ನೋಡಿದರು. ಟಾರ್ಚಿನ ಬೆಳಕಿನಲ್ಲಿ ಅವರದೇ ಬಲಗಾಲು, ರಬ್ಬರ್ ಚಪ್ಪಲಿ ಸಮೇತ, ಯಂತ್ರವನ್ನು ಮತ್ತೆ ಮೊದಲಿನಿಂದ ಶುರು ಮಾಡುವ ಗುಂಡಿಯ ಮೇಲೆ ಹಾಯಾಗಿ ಒತ್ತಿ ಕೂತಿತ್ತು. ಕಲಿಸುವವನ ಕಾಲ ಬಳಿಯೂ ಒಂದು ಬ್ರೇಕ್ ಇರುವ ಕಾರಿನಲ್ಲಿ ಅವರು ಜೀವಮಾನ ಕಳೆದಿದ್ದರು. ಕಲಿಯುವವರು ಗೋಡೆಗೆ ನುಗ್ಗಿದಾಗಲೆಲ್ಲ ಆ ಕಾಲು ಯಾರನ್ನೂ ಕೇಳದೆ ಎಲ್ಲರ ಜೀವ ಉಳಿಸಿತ್ತು. ಈಗ ಹಾಸ್ಟೆಲಿನ ಗೋಡೆಯಿಂದಲೂ ತಮ್ಮನ್ನು ಉಳಿಸುತ್ತಿದೆ ಎಂಬುದು ಮೇಷ್ಟ್ರಿಗೆ ಗೊತ್ತೇ ಇರಲಿಲ್ಲ.

"ಪೆಟ್ಟಿಗೆ ಬಿಚ್ಚಿ ಆ ಗುಂಡೀನೇ ಕಿತ್ತುಹಾಕ್ತೀನಿ," ಎಂದು ಸ್ಕ್ರೂಡ್ರೈವರ್ ಎತ್ತಿದರು.

"ಬೇಡ. ಇನ್ನು ತಾವು ಏನನ್ನೂ ಬಿಚ್ಚಬೇಡಿ," ಎಂದಳು ಅವಳು, ಕೈಯಿಂದ ಅದನ್ನು ಕಸಿದುಕೊಂಡು. "ನಾಳೆ ಕರೆ ಮುಗಿಯೋ ತನಕ ಆ ಮಂಚದ ಮೇಲೆ ಚಕ್ಕಳಮಕ್ಕಳ ಹಾಕ್ಕೊಂಡು ಕೂತಿರಿ. ಕಾಲು ನೆಲ ಮುಟ್ಟಬಾರ್ದು. ಬಾಯಿ ತೆಗೀಬಾರ್ದು."

ಮರುದಿನ ಬೆಳಿಗ್ಗೆ ಮೇಷ್ಟ್ರು ಮಂಚದ ಮೇಲೆ ಕೂತರು. ನಂಬಿಕೆ ಸಾಲದೆ ಕಾಲುಗಳ ಸುತ್ತ ಹೊದಿಕೆ ಬಿಗಿದುಕೊಂಡರು. ತೆರೆಯ ಮೇಲೆ ಹಾಸ್ಟೆಲ್ ಮೇಡಂ ಕನ್ನಡಕ ಏರಿಸಿ ಕೂತಿದ್ದರು. ಹೆಂಡತಿಯ ದನಿ ಮೊದಮೊದಲು ನಡುಗಿತು. ಬಾಗಿಲು ತೆರೆಯಿತು, ಒಲೆಕಟ್ಟೆ ಬಂತು. ಗೋಡೆ ಹತ್ತಿರವಾಯಿತು. ಹೊದಿಕೆಯೊಳಗೆ ಬಲಗಾಲು ಒದ್ದಾಡಿತು. ಮೇಷ್ಟ್ರು ಎರಡೂ ಕೈಗಳಿಂದ ಅದನ್ನು ಅದುಮಿ ಹಿಡಿದು ಕಣ್ಣು ಮುಚ್ಚಿದರು. ಇದೊಂದು ಸಲ ಅವಳನ್ನು ದಾಟಿಸಪ್ಪಾ, ಇನ್ನು ಜನ್ಮದಲ್ಲಿ ಸ್ಕ್ರೂ ಮುಟ್ಟುವುದಿಲ್ಲ ಎಂದು ಒಳಗೊಳಗೇ ಬೇಡಿಕೊಂಡರು.

ಗೋಡೆ ಬಂತು. ಬೆಳಕು ಹೋಗಲಿಲ್ಲ. ಚಿತ್ರ ಗೋಡೆಯ ಮುಂದೆ ನಯವಾಗಿ ತಿರುಗಿ ಉಗ್ರಾಣದೊಳಕ್ಕೆ ಸಾಗಿತು. ಹೆಂಡತಿಯ ದನಿಯೂ ಗಟ್ಟಿಯಾಯಿತು. ಯಾವ ಕಪಾಟು ಎಲ್ಲಿ, ಯಾಕೆ ಅಲ್ಲಿ, ನೂರು ಜನಕ್ಕೆ ಬಡಿಸುವಾಗ ಯಾರೂ ಯಾರಿಗೂ ಡಿಕ್ಕಿ ಹೊಡೆಯದ ಹಾಗೆ ದಾರಿ ಎಲ್ಲಿ ಎಂದು ಅವಳು ಹೇಳುತ್ತಾ ಹೋದಂತೆ ಮೇಷ್ಟ್ರ ಕಣ್ಣು ತುಂಬಿ ಬಂತು.

"ಕೆಲಸ ನಿಮ್ಮದೇ ಅಮ್ಮಾ. ನಾಳೆಯಿಂದಲೇ ಶುರು ಮಾಡಿ," ಎಂದರು ಮೇಡಂ. "ಅಲ್ಲ, ನಮ್ಮ ಆಫೀಸಿನ ಕಂಪ್ಯೂಟರು ಮಾತುಮಾತಿಗೂ ನಿಂತುಹೋಗುತ್ತೆ. ನಿಮ್ಮದು ಎಷ್ಟು ಚೆನ್ನಾಗಿ ಓಡ್ತಿದೆ. ಎಲ್ಲಿ ತಗೊಂಡ್ರಿ?"

ಹೆಂಡತಿ ಮಂಚದ ಕಡೆ ಒಮ್ಮೆ ನೋಡಿದಳು. ಆ ನೋಟದಲ್ಲಿ ಕೋಪ ಇರಲಿಲ್ಲ. "ತಗೊಂಡಿದ್ದಲ್ಲ ಮೇಡಂ, ನಮ್ಮನೆಯವರೇ ಜೋಡಿಸಿದ್ದು," ಎಂದಳು, ಹೆಮ್ಮೆಯಿಂದಲೇ.

"ಹೌದಾ? ಹಾಗಿದ್ರೆ ನಮ್ಮ ಆಫೀಸಿಗೂ ಹತ್ತು ಜೋಡಿಸಿಕೊಡಲಿ. ಅವರನ್ನ ಸ್ವಲ್ಪ ಕರೀರಿ."

ಮೇಷ್ಟ್ರು ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡು, ತಮ್ಮ ಮಟ್ಟಿಗೆ ಪಿಸುಮಾತಿನಲ್ಲೇ ಹೇಳಿದರು: "ಊರಲ್ಲಿಲ್ಲ ಅನ್ನು, ಊರಲ್ಲಿಲ್ಲ ಅನ್ನು."

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಪರವಾಗಿಲ್ಲ ಬಿಡಮ್ಮಾ, ಊರಿಗೆ ಬಂದ ಮೇಲೆ ಬರಲಿ," ಎಂದರು. "ಆದ್ರೂ ಅಷ್ಟು ದೂರದಿಂದ ಅವರ ದನಿ ಎಷ್ಟು ಸ್ಪಷ್ಟವಾಗಿ ಕೇಳಿಸುತ್ತೆ."