ಏನೂ ಆಗದ ತಾರೀಖು

ಕೆಲವರಿಗೆ ಹಾಡು ಬಾಯಿಗೆ ಬರುತ್ತದೆ, ಕೆಲವರಿಗೆ ಬೈಗುಳ. ನನಗೆ ತಾರೀಖು. ಜಂಬ ಎಂದುಕೊಂಡರೂ ಚಿಂತೆಯಿಲ್ಲ. ವರ್ಷದ ಯಾವುದೇ ದಿನ ಹೇಳಿ, ಆ ದಿನ ಜಗತ್ತಿನಲ್ಲಿ ಯಾವ ಕೋಟೆ ಬಿತ್ತು, ಯಾವ ಹಡಗು ಮುಳುಗಿತು ಎಂದು ಥಟ್ಟನೆ ಹೇಳುತ್ತೇನೆ. ಚಳ್ಳಕೆರೆಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವನು ನಾನು. ಬೆಳಗಿನ ಪ್ರಾರ್ಥನೆಯ ನಂತರ ‘ಇತಿಹಾಸದಲ್ಲಿ ಈ ದಿನ’ ಹೇಳುವುದು ನನ್ನ ಹಕ್ಕು. ಅಷ್ಟಕ್ಕೇ ಸಮಾಧಾನವಾಗದೆ ಮನೆಯ ಬಾಗಿಲ ಪಕ್ಕದಲ್ಲೂ ಒಂದು ಕರಿಹಲಗೆ ಹಾಕಿಸಿದ್ದೇನೆ. ಹೆಂಡತಿ ಶಾಂತಾ ರಂಗೋಲಿ ಹಾಕುವ ಹೊತ್ತಿಗೆ ನಾನು ಹಲಗೆಯ ಮುಂದೆ ನಿಂತಿರುತ್ತೇನೆ. ಸಾಧನೆಗೆ ಹಳದಿ ಸೀಮೆಸುಣ್ಣ, ದುರಂತಕ್ಕೆ ಕೆಂಪು. ಹಾಲು ಹಾಕುವವನು ದಿನಾ ಓದಿ, “ಇವತ್ತೂ ಕೆಂಪೇನಾ ಮೇಷ್ಟ್ರೇ?” ಎನ್ನುತ್ತಾನೆ. ಮನುಷ್ಯರು ಮಾಡಿಕೊಂಡಿದ್ದಕ್ಕೆ ನಾನೇನು ಮಾಡಲಿ?

ತಾರೀಖಿಲ್ಲದ ಇತಿಹಾಸ ಕಂಡರೆ ನನಗಾಗದು. ಒಮ್ಮೆ ಮಕ್ಕಳನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿದ್ದೆ. ಅಶೋಕನ ಶಾಸನದ ಬಂಡೆಯ ಮುಂದೆ ಎಲ್ಲರೂ ಭಕ್ತಿಯಿಂದ ನಿಂತಿದ್ದರೆ ನನಗೆ ಒಳಗೊಳಗೇ ಸಿಟ್ಟು. ಅಷ್ಟು ದೊಡ್ಡ ಚಕ್ರವರ್ತಿ, ಅಷ್ಟು ಗಟ್ಟಿ ಬಂಡೆ, ಧರ್ಮದ ಮಾತನ್ನೆಲ್ಲ ಕೊರೆಸಿದವನು ತಿಂಗಳು, ತಾರೀಖು ಕೊರೆಸಬಾರದಿತ್ತೇ? ನಾನು ಅದನ್ನು ಹಲಗೆಯ ಮೇಲೆ ಯಾವ ದಿನ ಬರೆಯಲಿ? ಬಸ್ಸಿನಲ್ಲಿ ವಾಪಸ್ಸು ಬರುವಾಗಲೂ ಇದನ್ನೇ ಗೊಣಗುತ್ತಿದ್ದೆನಂತೆ.

ಇಂಥ ವಿದ್ಯೆ ಮಗಳ ಮದುವೆಗೆ ಅಡ್ಡ ಬಂದೀತೆಂದು ಯಾರು ಎಣಿಸಿದ್ದರು? ಮಗಳು ಕಾವ್ಯ ಮೊಳಕಾಲ್ಮೂರಿನ ಒಬ್ಬ ಹುಡುಗನನ್ನು ಮೆಚ್ಚಿದ್ದಳು. ರೇಷ್ಮೆ ಸೀರೆ ವ್ಯಾಪಾರದ ಮನೆತನ, ಹುಡುಗ ಮಗ್ಗದ ಮುಂದೆ ಕೂತು ತಾನೇ ಅಂಚಿನ ಚಿತ್ತಾರ ಮಾಡುವವನು. ಎರಡೂ ಕಡೆ ಒಪ್ಪಿಗೆಯಾಗಿ, ದಿನ ಗೊತ್ತು ಮಾಡುವುದಷ್ಟೇ ಬಾಕಿ ಇತ್ತು. ಬೀಗರು ಬರುವ ದಿನ ಬೆಳಿಗ್ಗೆ ಶಾಂತಾ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ನನ್ನ ಕಡೆ ತಿರುಗಿದಳು. “ನೋಡ್ರಿ, ಅವ್ರು ಎದ್ದು ಹೋಗೋವರ್ಗೂ ಇತಿಹಾಸ ಬಿಚ್ಚಬ್ಯಾಡ್ರಿ. ಈ ಸಂಬಂಧ ತಪ್ಪಿದ್ರೆ ಆ ಹುಡುಗಿ ಮುಖ ನೋಡಾಕೆ ನನ್ನ ಕೈಲಿ ಆಗಲ್ಲ.” ನಾನು ಗಂಭೀರವಾಗಿ ತಲೆಯಾಡಿಸಿದೆ. ಬಾಯಿ ಮುಚ್ಚಿಕೊಂಡಿರುವುದು ನನಗೇನು ಮಹಾ!

ಬೀಗರಾದ ತಿಪ್ಪೇಸ್ವಾಮಿಯವರು ಹೆಂಡತಿಯೊಂದಿಗೆ ಬಂದರು. ಬೀಗಿತ್ತಿಯ ತವರು ರಾಯದುರ್ಗದ ಕಡೆ. ಗಾಬರಿಯಾದರೆ ಅವರಿಗೆ ತೆಲುಗು ಬರುತ್ತದೆ. ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಮುಗಿಯಿತು. ಮುಹೂರ್ತ ನೋಡಲು ಕರೆಸಿದ್ದ ಅಯ್ನೋರು ಪಂಚಾಂಗ ಬಿಡಿಸಿ, “ನಾಲ್ಕು ದಿನ ಚೆನ್ನಾಗವೆ. ಮೊದಲನೇದು ಏಪ್ರಿಲ್ ಹದಿನೈದು” ಎಂದರು. ದೇವರಾಣೆಗೂ ನಾನು ಬೇಕೆಂದು ಹೇಳಲಿಲ್ಲ. ಸೀನು ಬಂದ ಹಾಗೆ ಬಂದುಬಿಟ್ಟಿತು: “ಟೈಟಾನಿಕ್ ಹಡಗು ಮುಳುಗಿದ ದಿನ!”

ಬೀಗಿತ್ತಿಯ ಕೈಯಲ್ಲಿದ್ದ ಲೋಟ ತುಳುಕಿತು. “ಅಮ್ಮೋ! ವದ್ದು, ವದ್ದು! ಮುಳುಗೋ ದಿನ ಬ್ಯಾಡ.”

ಅಯ್ನೋರು ನನ್ನನ್ನು ದುರುಗುಟ್ಟಿ ನೋಡಿ, ಮೇ ನಾಲ್ಕು ಎಂದರು. ನಾನು ತುಟಿ ಕಚ್ಚಿಕೊಂಡೆ. ಆದರೆ ತಿಪ್ಪೇಸ್ವಾಮಿಯವರೇ, “ಆವತ್ತೇನಾಗಿತ್ತು ಮೇಷ್ಟ್ರೇ? ಸುಮ್ನೆ ಹೇಳ್ರಿ” ಎಂದು ಕೇಳಿದರು. ಕೇಳಿದವರಿಗೆ ಸುಳ್ಳು ಹೇಳುವುದು ನನ್ನ ವೃತ್ತಿಧರ್ಮವಲ್ಲ. ಶ್ರೀರಂಗಪಟ್ಟಣದ ಕೋಟೆ ಬಿದ್ದ ದಿನ ಎಂದೆ. ಅದೂ ಹೋಯಿತು. ಮೇ ಹತ್ತು ಎಂದಾಗ ನನಗೆ ಧೈರ್ಯ ಬಂತು. ಅದು ನನ್ನ ಹಲಗೆಯಲ್ಲಿ ಹಳದಿ ದಿನ. “ಸಿಪಾಯಿಗಳು ದಂಗೆ ಎದ್ದ ದಿನ, ಸ್ವಾತಂತ್ರ್ಯದ ಮೊದಲ ಕಿಡಿ!” ಎಂದು ಉತ್ಸಾಹದಿಂದ ಹೇಳಿದೆ.

“ಮದುವಿ ಮನ್ಯಾಗೆ ದಂಗೆ ಯಾಕಪ್ಪಾ?” ಎಂದರು ಬೀಗಿತ್ತಿ. ತಿಪ್ಪೇಸ್ವಾಮಿಯವರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, “ನೋಡಾನ ಬಿಡ್ರಿ” ಎಂದರು. ನಮ್ಮ ಕಡೆ ‘ನೋಡಾನ’ ಎಂದರೆ ಅಲ್ಲಿಗೆ ಮುಗಿಯಿತು ಎಂದೇ ಅರ್ಥ. ಅಡುಗೆಮನೆಯ ಬಾಗಿಲಲ್ಲಿ ಕಾವ್ಯ ನಿಂತಿದ್ದಳು. ಅವಳ ಕಣ್ಣು ತುಂಬಿಕೊಂಡಿತ್ತು.

“ಇನ್ನೊಂದೈತಲ್ಲ, ಹೇಳ್ರಿ ಅಯ್ನೋರೇ!” ಎಂದು ಗೋಗರೆದೆ. ಮೇ ಹದಿನೇಳು ಎಂದರು. ನಾನು ಕಣ್ಣು ಮುಚ್ಚಿ ತಲೆಯೊಳಗಿನ ಮೂಲೆ ಮೂಲೆಯನ್ನೂ ತಡಕಾಡಿದೆ. ಯುದ್ಧವಿಲ್ಲ, ಭೂಕಂಪವಿಲ್ಲ, ಯಾರೂ ಸತ್ತಿಲ್ಲ. ಎದ್ದು ನಿಂತು, ಶಾಲೆಯ ಪ್ರಾರ್ಥನೆಯಲ್ಲಿ ಹೇಳುವ ಅದೇ ಗಟ್ಟಿ ದನಿಯಲ್ಲಿ ಘೋಷಿಸಿದೆ: “ಬೀಗರೇ, ನನ್ನ ಮಾತು ನಂಬ್ರಿ. ಮೇ ಹದಿನೇಳನೇ ತಾರೀಖು ಪ್ರಪಂಚದಾಗೆ ಏನಂದ್ರೆ ಏನೂ ಆಗಿಲ್ಲ!”

ಕಾಫಿ ತಟ್ಟೆ ಹಿಡಿದು ಬರುತ್ತಿದ್ದ ಶಾಂತಾ ನಡುಮನೆಯಲ್ಲೇ ನಿಂತಳು.

“ಏನೂ ಆಗಿಲ್ವಾ?” ಎಂದಳು. “ನಮ್ಮ ಮದುವಿ ಆಗಿದ್ದು ಯಾವತ್ತು ಮತ್ತೆ?”

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮೊದಲು ನಕ್ಕವರು ಬೀಗಿತ್ತಿ. ಆಮೇಲೆ ಅಯ್ನೋರು, ಆಮೇಲೆ ಕಣ್ಣೊರೆಸಿಕೊಳ್ಳುತ್ತಲೇ ಕಾವ್ಯ. ತಿಪ್ಪೇಸ್ವಾಮಿಯವರು ಟವೆಲ್ಲನ್ನು ಮತ್ತೆ ಮಡಿಲಿಗೆ ಇಳಿಸಿ, “ಅಲ್ಲಕ್ಕಾ, ಆವತ್ತು ತಾಳಿ ಕಟ್ಟಿಸ್ಕೊಂಡು ಈ ಮೇಷ್ಟ್ರ ಜತಿಗೆ ಇಷ್ಟು ವರ್ಷ ಬಾಳ್ವೆ ಮಾಡೀರಿ ಅಂದ್ರೆ ಅದಕ್ಕಿಂತ ಗಟ್ಟಿ ಮುಹೂರ್ತ ಎಲ್ಲೈತೆ? ಅದೇ ಆಗ್ಲಿ!” ಎಂದರು. ಅಯ್ನೋರು ನಾನು ಬಾಯಿ ತೆರೆಯುವ ಮೊದಲೇ ಪಂಚಾಂಗ ಮುಚ್ಚಿದರು.

ಮದುವೆ ಚೆನ್ನಾಗಿ ಆಯಿತು. ಈ ವರ್ಷ ಅದೇ ದಿನ ಬೆಳಿಗ್ಗೆ ಶಾಂತಾಳಿಗಿಂತ ಮೊದಲೇ ಎದ್ದು ಹಲಗೆಯ ಮುಂದೆ ನಿಂತೆ. ಮಗಳ ಮದುವೆಯನ್ನು ಹಳದಿಯಲ್ಲಿ ಬರೆದೆ. ಅದರ ಮೇಲೆ ನಮ್ಮದನ್ನು ಬರೆಯಲು ಕೈ ಎತ್ತಿದ್ದೆ. ರಂಗೋಲಿ ಹಾಕಲು ಬಂದ ಶಾಂತಾ ನನ್ನ ಕೈಯಿಂದ ಹಳದಿ ಸೀಮೆಸುಣ್ಣ ಕಿತ್ತುಕೊಂಡು ಕೆಂಪನ್ನು ಕೊಟ್ಟಳು.

“ಇತಿಹಾಸ ಸುಳ್ಳು ಹೇಳಬಾರ್ದು ಅಂತ ನೀವೇ ಅಂತೀರಲ್ಲ, ಬರೀರಿ.”

ಕೆಂಪಿನಲ್ಲೇ ಬರೆದೆ. ಅವಳು ರಂಗೋಲಿ ಬಿಟ್ಟು, ನಾನು ಬರೆದು ಮುಗಿಸುವವರೆಗೂ ಪಕ್ಕದಲ್ಲೇ ನಿಂತು, ವರ್ಷ ಸರಿಯಾಗಿದೆಯೇ ಎಂದು ನೋಡಿಕೊಂಡಳು. ತಪ್ಪಾಗಿತ್ತು.