ಅವ್ವನಿಗಾಗಿ ಗಾಡಿ ತಗ್ಗಿಸಿದ್ದು

ಅಥಣಿ ರಸ್ತೆಯ ನಮ್ಮ ಬಡಾವಣೆಯಲ್ಲಿ ನನ್ನ ಗಾಡಿಯಷ್ಟು ಎತ್ತರದ ಗಾಡಿ ಇನ್ನೊಂದಿರಲಿಲ್ಲ. ಅದೇ ನನ್ನ ಹೆಮ್ಮೆ, ಅದೇ ಅವ್ವನ ಸಂಕಟ. ಮೊಣಕಾಲು ನೋವಿನ ಅವ್ವ ಗಾಡಿಯ ತನಕ ಬಂದು, ಒಂದು ಕಾಲು ಎತ್ತಿ ನೋಡಿ, ಮತ್ತೆ ಇಳಿಸಿ, "ನೀವು ಹೋಗಿ ಬರ್ರಿ, ನಾ ಮನಿ ಕಾಯ್ತೇನಿ" ಎಂದು ತಿರುಗಿಬಿಡುತ್ತಿದ್ದಳು. ಕನಮಡಿಯಲ್ಲಿರುವ ಅವಳ ಅಕ್ಕನನ್ನು, ಅಂದರೆ ನಮ್ಮ ದೊಡ್ಡವ್ವನನ್ನು ನೋಡಿ ಎರಡು ವರ್ಷವಾಗಿತ್ತು.

"ರೀ, ಊಟಕ್ಕ ಕೂಡೂ ಮಣಿ ಒಂದು ಇಟ್ರ ಅತ್ತಿ ಆರಾಮ ಹತ್ತತಾರ್ರಿ" ಎಂದಳು ಹೆಂಡತಿ ಶೈಲಾ.

ನಾನು ನಕ್ಕೆ. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದವನು ಮಣೆ ಹುಡುಕುವುದೇ? "ಅವ್ವ ಗಾಡಿಗೆ ಏರೂದು ಬ್ಯಾಡ. ಗಾಡೀನ ಅವ್ವನ ಹಂತೇಕ ಇಳೀಲಿ" ಎಂದು ಘೋಷಿಸಿ ಗ್ಯಾರೇಜಿಗೆ ಹೋದೆ.

ಸಲೀಂ ಮಿಸ್ತ್ರಿ ಗಾಡಿಯ ಕೆಳಗೆ ತೂರಿ ನೋಡಿ ಎದ್ದು ಬಂದ. "ಸ್ಪ್ರಿಂಗ್ ಕತ್ತರಿಸಿದ್ರ ಗಾಡಿ ಕೆಳಗ ಕೂಡತೈತ್ರಿ ಸರ್. ಆದ್ರ ಒಳಗ ಕುಂತಾವ್ರು ಮ್ಯಾಲ ಹಾರ್ತಾರ."

"ನೀ ಕತ್ತರಿಸೋ ಮಾರಾಯಾ. ನಾ ಓದೇನಿ ಇದನ್ನ."

ಓದಿದ್ದು ನಿಜ. ಸ್ಪ್ರಿಂಗ್ ಗಿಡ್ಡವಾದಷ್ಟೂ ಬಿರುಸಾಗುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಪೂರ್ಣ ಅಂಕ ಪಡೆದಿದ್ದೆ. ಆ ಹೊತ್ತಿಗೆ ನೆನಪಾಗಲಿಲ್ಲ, ಅಷ್ಟೇ.

ಮರುದಿನ ಬೆಳಿಗ್ಗೆ ಗಾಡಿ ಅರ್ಧ ಗೇಣು ಕೆಳಗಿತ್ತು. ಅವ್ವ ಕಾಲು ಎತ್ತಿದಳು, ಒಳಗಿಟ್ಟಳು, ಕೂತೇಬಿಟ್ಟಳು. "ಹತ್ತಿದೆ ನೋಡಲೇ ಬಸೂ" ಎಂದು ಸೀಟು ಸವರಿದಳು. ಅಕ್ಕನಿಗೆಂದು ತಂದ ಮೊಸರಿನ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡಳು. ನನ್ನಂಥ ಮಗ ಜಿಲ್ಲೆಯಲ್ಲೇ ಇಲ್ಲವೆನಿಸಿತು.

ಈ ಅಭಿಪ್ರಾಯ ಮೊದಲ ಹಂಪ್‌ವರೆಗೆ ಬಾಳಿತು.

"ಇದು ಗಾಡಿಯೋ ಚಕ್ಕಡಿಯೋ?" ಎಂದಳು ಅವ್ವ.

"ಹೊಸಾ ಕೆಲಸ ಬೇ. ಕೂಡತೈತಿ."

ಕೂಡಲಿಲ್ಲ. ರಸ್ತೆಯ ಮೇಲೆ ಬಿದ್ದ ಶೇಂಗಾ ಸಿಪ್ಪೆಯ ಸುದ್ದಿಯೂ ನೇರ ಬೆನ್ನೆಲುಬಿಗೆ ತಲುಪುತ್ತಿತ್ತು. ತಿಕೋಟಾ ದಾಟುವವರೆಗೂ ಹಿಂದೆ ಅವ್ವನ ಪಕ್ಕ ಕೂತ ಶೈಲಾ ಒಂದು ಕೈಯಿಂದ ಗಡಿಗೆ ಹಿಡಿದೇ ಇದ್ದಳು. ಕನ್ನಡಿಯಲ್ಲಿ ಕಂಡ ಅವಳ ಕಣ್ಣಿನ ತುಂಬ ಮಣೆಯೇ ಇತ್ತು.

ಆಗ ನನಗೆ ಹೊಸ ಸಿದ್ಧಾಂತ ಹೊಳೆಯಿತು. ಜೋರಾಗಿ ಹೋದರೆ ಕುಲುಕು ಗೊತ್ತಾಗುವುದಿಲ್ಲ. ವೇಗ ಹೆಚ್ಚಿಸಿದೆ.

ಸಣ್ಣ ಸೇತುವೆಯ ಹತ್ತಿರ ರಸ್ತೆ ತಗ್ಗಿತ್ತು. ಗಾಡಿ ಧಡ್ ಎಂದು ಕುಕ್ಕಿ, ಚೆಂಡಿನಂತೆ ಪುಟಿದು, ಬಲಕ್ಕೆ ಸರಿಯಿತು. ಎದುರಿಗೆ ಎರಡು ಟ್ರೈಲರ್ ಕಬ್ಬು ಎಳೆದುಕೊಂಡು ಟ್ರ್ಯಾಕ್ಟರ್ ಬರುತ್ತಿತ್ತು. ಸ್ಟೀರಿಂಗ್ ತಿರುಗಿಸಿದೆ, ಗಾಡಿ ಕೇಳಲಿಲ್ಲ. ಟ್ರ್ಯಾಕ್ಟರಿನ ಮುಂದೆ "ನಿಧಾನ" ಎಂದು ಹಳದಿ ಬಣ್ಣದಲ್ಲಿ ಬರೆದಿತ್ತು. ಈಗಲೂ ಕಣ್ಣು ಮುಚ್ಚಿದರೆ ಆ ಮೂರಕ್ಷರ ದೊಡ್ಡವಾಗುತ್ತ ಬರುತ್ತವೆ. ಕೊನೆಯ ಗಳಿಗೆಯಲ್ಲಿ ಚಕ್ರ ನೆಲ ಹಿಡಿಯಿತು. ಗಾಡಿ ಎಡಕ್ಕೆ ಧುಮುಕಿ, ಹೊಲದ ಬದುವಿನ ಮೇಲೆ ಹೊಟ್ಟೆ ಊರಿ ನಿಂತಿತು. ಮುಂದಿನ ಚಕ್ರಗಳು ಗಾಳಿಯಲ್ಲಿ ತಿರುಗುತ್ತಿದ್ದವು. ಬದಿಯ ಕನ್ನಡಿಗೆ ಕಬ್ಬಿನ ಒಂದು ಸೋಗೆ ಸಿಕ್ಕಿಕೊಂಡಿತ್ತು. ಅಷ್ಟು ಹತ್ತಿರ.

ಹಿಂದಕ್ಕೆ ತಿರುಗಿದೆ. ಶೈಲಾ ಅವ್ವನನ್ನು ಎರಡೂ ಕೈಯಿಂದ ಅವುಚಿ ಹಿಡಿದಿದ್ದಳು. ಅವ್ವನ ಮುಖವೆಲ್ಲ ಬೆಳ್ಳಗಾಗಿತ್ತು. ಉಸಿರಿನ ಸದ್ದೂ ಇಲ್ಲ.

"ಯವ್ವಾ?" ಎಂದು ಅವಳ ಕೈ ಹಿಡಿದು ಅಲುಗಿಸಿದೆ.

ಅವ್ವ ನಿಧಾನವಾಗಿ ತುಟಿ ನೆಕ್ಕಿದಳು. "ಮೊಸರು ಹುಳಿ ಆಗೇತಲೇ" ಎಂದಳು.

ಎಂಜಿನ್ ಆರಿಸಬೇಕೆಂದು ನನಗೆ ನೆನಪಾದದ್ದು ಆಗ.

ಪಕ್ಕದ ದ್ರಾಕ್ಷಿ ತೋಟದಿಂದ ಗಂಡಹೆಂಡತಿ ಓಡಿ ಬಂದರು. ಯಾರಿಗೂ ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ ಆತ ಕೇಳಿದ, "ಇಷ್ಟ ದೊಡ್ಡ ಗಾಡಿ, ಹೊಟ್ಟಿ ಯಾಕ್ರಿ ನೆಲಕ್ಕ ಹತ್ತೇತಿ?"

"ಕನಮಡಿಗೆ ಹೊಂಟೇವ್ರಿ. ನಮ್ಮವ್ವಗ ಹತ್ತಾಕ ಬರ್ಲಿ ಅಂತ ಸ್ಪ್ರಿಂಗ್ ಕತ್ತರಿಸೇನ್ರಿ."

ಆತ ಬಗ್ಗಿ ಗಾಡಿಯ ಹೊಟ್ಟೆ ನೋಡಿ, ಎದ್ದು ನನ್ನ ಮುಖ ನೋಡಿದ. ಅಷ್ಟರಲ್ಲಿ ಆತನ ಹೆಂಡತಿ ರಸ್ತೆಬದಿ ನಿಂತಿದ್ದ ತಮ್ಮ ಪಿಕಪ್ ಗಾಡಿಯ ಬಾಗಿಲ ಕೆಳಗೆ ದ್ರಾಕ್ಷಿಯ ಖಾಲಿ ಕ್ರೇಟ್ ಒಂದನ್ನು ಬೋರಲು ಹಾಕಿದಳು. "ಇದರ ಮ್ಯಾಲ ಕಾಲಿಡ್ರಿ ಅವ್ವಾರ. ಕನಮಡಿಗೆ ನಾವು ಬಿಡ್ತೇವಿ."

ಆ ಪಿಕಪ್ ನನ್ನ ಗಾಡಿಯ ಮೂಲ ಎತ್ತರಕ್ಕಿಂತಲೂ ಎತ್ತರವಿತ್ತು. ಅವ್ವ ಎರಡೇ ಹೆಜ್ಜೆಗೆ ಹತ್ತಿ ಕೂತಳು. ಶೈಲಾ ಮಣೆಯ ಹೆಸರೆತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು.

ಗಾಡಿಗೆ ಹಗ್ಗ ಕಟ್ಟಿ ಎಳೆಸಿ, ಆಮೆಯ ನಡಿಗೆಯಲ್ಲಿ ನಾನು ಕನಮಡಿ ಮುಟ್ಟಿದಾಗ ಅಕ್ಕತಂಗಿಯರು ಕಟ್ಟೆಯ ಮೇಲೆ ಒಬ್ಬರ ಕೈ ಒಬ್ಬರು ಹಿಡಿದು ಕೂತಿದ್ದರು. ಅವ್ವನ ಕಿವಿಯಲ್ಲಿ ಇನ್ನೂ ಮೊಸರಿತ್ತು. ಇಬ್ಬರೂ ನಗುತ್ತಿದ್ದರು.

"ನಿನ್ನ ಗಾಡಿ ಎಲ್ಲೈತೋ ಬಸೂ?" ಎಂದಳು ದೊಡ್ಡವ್ವ, ಅಂಗಳದ ಗೋಡೆಯತ್ತ ಇಣುಕಿ. "ಗ್ವಾಡಿ ಆಚೆ ಕಾಣವಲ್ಲದು."

ಸಲೀಂ ಮಿಸ್ತ್ರಿ ಹೊಸ ಸ್ಪ್ರಿಂಗ್ ಹಾಕಿಕೊಟ್ಟ. ಕತ್ತರಿಸಿದ ತುಂಡುಗಳನ್ನು, ಓದಿಕೊಳ್ಳಲೆಂಬಂತೆ, ನನ್ನ ಕೈಗಿಟ್ಟ. ಆ ಕ್ರೇಟನ್ನು ತೋಟದವರು ಅವ್ವನಿಗೇ ಕೊಟ್ಟುಬಿಟ್ಟಿದ್ದಾರೆ. ಅಂದಿನಿಂದ ಅವಳು ಬಬಲೇಶ್ವರ, ಅರಕೇರಿ ಎರಡನ್ನೂ ಸುತ್ತಿ ಬಂದಿದ್ದಾಳೆ. ಸೇತುವೆ ಕಂಡಲ್ಲೆಲ್ಲ ನನ್ನ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ, ಅವಳು ಮಾತ್ರ ಮುಂದಿನ ವಾರದ ಊರು ಯಾವುದೆಂದು ಯೋಚಿಸುತ್ತಿರುತ್ತಾಳೆ.

ಹೊರಡುವ ಮುನ್ನ ಅವಳದು ಒಂದೇ ಪ್ರಶ್ನೆ: "ಶೈಲಾ, ಕ್ರೇಟ್ ಇಟ್ಟೀಯೇನು?"

ಇಟ್ಟದ್ದು ಖಾತ್ರಿಯಾದ ಮೇಲೆ, ಡ್ರೈವರ್ ಸೀಟಿನಲ್ಲಿ ನಾನಿದ್ದೇನೋ ಇಲ್ಲವೋ ಎಂದು ನೋಡುತ್ತಾಳೆ.